ಊಟಕ್ಕೆ ಕರೆಯುವಾಗಲೇ ಹೇಳಿ: ಪರದೇಶದ ವಿದ್ಯಾರ್ಥಿಗಳ ನಡುವೆ ಸುವಾರ್ತೆ ಸೇವೆ

ಪ್ರತಿವರ್ಷ ಆಗಸ್ಟ್ ಕೊನೆಯಲ್ಲಿ ಮೈಸೂರಿನ ನಮ್ಮ ಕ್ರೈಸ್ತ ಸಭೆಯಲ್ಲಿ ಪಾಲಕರಾದ ಅಯ್ಯನವರು ಒಬ್ಬಿಬ್ಬರು ಹುಡುಗ ಹುಡುಗಿಯರನ್ನು ಮುಂದಕ್ಕೆ ಕರೆದು, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಓದಲು ಹೊರದೇಶಕ್ಕೆ ಹೊರಟವರು ಅವರು. ಆರಾಧನೆ ಮುಗಿದ ಮೇಲೆ ಅವರಲ್ಲಿ ಒಬ್ಬರಾದರೂ ನನ್ನ ಹತ್ತಿರ ಬಂದು, "ಆಂಟಿ, ಅಲ್ಲಿ ಸಹಪಾಠಿಗಳಿಗೆ ಯೇಸುವಿನ ವಿಷಯ ಹೇಳಬೇಕೆಂದಿದ್ದೇನೆ, ಎಲ್ಲಿಂದ ಶುರು ಮಾಡಲಿ?" ಎಂದು ಕೇಳುತ್ತಾರೆ. ಯಜಮಾನರ ಸಂಶೋಧನೆಯ ಕೆಲಸಕ್ಕಾಗಿ ಐದು ವರ್ಷ ಜರ್ಮನಿಯ ಟ್ಯೂಬಿಂಗನ್‌ನಲ್ಲಿದ್ದೆವು. ಅಲ್ಲಿನ ಒಂದು ಸಭೆಯವರ ಜೊತೆ ಸೇರಿ ನಮ್ಮ ಮನೆಯಲ್ಲಿ ಶುಕ್ರವಾರ ಸಂಜೆ ಪರದೇಶದ ವಿದ್ಯಾರ್ಥಿಗಳಿಗೆ ಊಟ, ಊಟದ ನಂತರ ಸತ್ಯವೇದದ, ಅಂದರೆ ಬೈಬಲಿನ, ಓದು ನಡೆಸುತ್ತಿದ್ದೆ. ಅಲ್ಲಿ ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಭಾಷೆ. ತರಗತಿಯೆಲ್ಲ ಇಂಗ್ಲಿಷಿನಲ್ಲೇ ನಡೆಯುವುದಾದರೂ ಆ ಊರಿನ ಭಾಷೆಯನ್ನು ಹೊರಡುವ ಮುಂಚೆಯೇ ಶುರುಮಾಡಿ. ಕನ್ನಡಿಗರಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ: ಬಾಸೆಲ್ ಮಿಷನ್ನಿನಿಂದ 1853ರಲ್ಲಿ ಬಂದ ಕಿಟ್ಟೆಲ್ ನಮ್ಮ ಹಳಗನ್ನಡವನ್ನೂ ಛಂದಸ್ಸನ್ನೂ ಕಲಿತು 1894ರಲ್ಲಿ ನಿಘಂಟು ಕೊಟ್ಟರು. ಅವರಿಗೆ ಗೌರವ ಡಾಕ್ಟರೇಟ್ ನೀಡಿದ್ದು ಟ್ಯೂಬಿಂಗನ್ ವಿಶ್ವವಿದ್ಯಾಲಯ, 1903ರಲ್ಲಿ ಅವರು ತೀರಿಕೊಂಡದ್ದೂ ಅದೇ ಊರಿನಲ್ಲಿ. ಆ ಬೀದಿಗಳಲ್ಲಿ ತಪ್ಪು ತಪ್ಪು ಜರ್ಮನ್ ಮಾತನಾಡುತ್ತ ನಡೆಯುವಾಗ ನನಗೆ ಅವರ ನೆನಪು ಬಾರದ ದಿನವಿಲ್ಲ.

ಅಲ್ಲಿ ಆಗಲೇ ಇರುವ ಕ್ರೈಸ್ತ ವಿದ್ಯಾರ್ಥಿಗಳ ಕೂಟವನ್ನು ಹುಡುಕಿ ಸೇರಿ, ಹೊಸ ಫಲಕ ಕಟ್ಟಬೇಡಿ. ಇಂಥ ಕೂಟಗಳ ಅಂತರರಾಷ್ಟ್ರೀಯ ಒಕ್ಕೂಟ ಐ.ಎಫ್.ಇ.ಎಸ್. 1947ರಿಂದ ಇದೆ, ಜರ್ಮನಿಯಲ್ಲಿ ಅದರ ಅಂಗವಾದ ಎಸ್.ಎಂ.ಡಿ. 1949ರಿಂದ, ನಮ್ಮಲ್ಲಿ ಯು.ಇ.ಎಸ್.ಐ. 1954ರಿಂದ. ಇಲ್ಲಿ ಯು.ಇ.ಎಸ್.ಐ.ನ ಕಾಲೇಜು ಕೂಟವಾದ ಇ.ಯು.ಗೆ (ಇವಾಂಜೆಲಿಕಲ್ ಯೂನಿಯನ್) ಹೋಗುತ್ತಿದ್ದವರಿಗೆ ಅಲ್ಲಿನ ಕೂಟ ಹೊಸದೆನಿಸುವುದಿಲ್ಲ.

ಇನ್ನು ನೀವು ಹೋಗಿರುವುದು ಓದಲು ಎಂಬುದನ್ನು ಮರೆಯಬಾರದು. ಪರೀಕ್ಷೆಯಲ್ಲಿ ನಪಾಸಾಗುತ್ತ ಸುವಾರ್ತೆ ಸಾರುವವನ ಮಾತಿಗೆ ಪಕ್ಕದ ಬೆಂಚಿನವನ ಬಳಿ ತೂಕವಿರುವುದಿಲ್ಲ.

ಚಳಿಗಾಲದ ತರಗತಿಗಳು ಅಕ್ಟೋಬರ್ ನಡುವಿನಲ್ಲಿ ಶುರುವಾಗುತ್ತವೆ. ಆ ಮೊದಲ ವಾರಗಳಲ್ಲಿ ಹೊಸಬರಿಗೆ ಬೇಕಾಗಿರುವುದು ಹಾಸಿಗೆ, ಒಂದು ಪಾತ್ರೆ, ವಿಳಾಸ ನೋಂದಾಯಿಸಲು ಜೊತೆಗೆ ಬರುವ ಒಬ್ಬರು. ಅದಕ್ಕಿಂತ ಹೆಚ್ಚಾಗಿ ಕಾಗದ ಓದಿಕೊಡುವವರು. ಜರ್ಮನಿಯಲ್ಲಿ ಎಲ್ಲವೂ ಅಂಚೆಯಲ್ಲಿ ಬರುತ್ತದೆ. ಇಥಿಯೋಪಿಯಾದ ಒಬ್ಬ ಹುಡುಗ ಶೂ ಡಬ್ಬಿಯಲ್ಲಿ ಒಡೆಯದ ಲಕೋಟೆಗಳನ್ನು ತುಂಬಿಕೊಂಡು ನಮ್ಮ ಮನೆಗೆ ಬಂದಿದ್ದ. ಅಡುಗೆಮನೆಯ ಮೇಜಿನ ಮೇಲೆ ಒಂದೊಂದಾಗಿ ಬಿಡಿಸಿದೆವು. ನಾಲ್ಕು ಲಕೋಟೆ ರೇಡಿಯೋ ಮತ್ತು ದೂರದರ್ಶನದ ಶುಲ್ಕದ್ದು. ಮನೆಯಲ್ಲಿ ಟಿ.ವಿ. ಇರಲಿ ಬಿಡಲಿ, ಒಂದು ಮನೆಗೆ ತಿಂಗಳಿಗೆ 18.36 ಯೂರೋ ಕಟ್ಟಬೇಕು. ಅದನ್ನು ಅವನು ಜಾಹೀರಾತು ಎಂದುಕೊಂಡಿದ್ದ. ಟ್ಯೂಬಿಂಗನ್ ಇರುವ ರಾಜ್ಯದಲ್ಲಿ ಯುರೋಪಿನ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1500 ಯೂರೋ ಬೋಧನಾ ಶುಲ್ಕ ಬೇರೆ ಇದೆ. ಅವನ ಕೈ ನಡುಗುತ್ತಿತ್ತು. ಕಂತಿಗಾಗಿ ಪತ್ರ ಬರೆದುಕೊಟ್ಟು, ಸಾರು ಅನ್ನ ಬಡಿಸಿ ಕಳಿಸಿದೆ. ಆ ದಿನ ಯೇಸುವಿನ ಮಾತು ಎತ್ತಲಿಲ್ಲ. ಇದು ನಾನು ನನಗೇ ಹಾಕಿಕೊಂಡ ಕಟ್ಟಳೆ, ನೀವೂ ಹಾಕಿಕೊಳ್ಳಿ: ಸಹಾಯ ಮಾಡಿದ ದಿನ ಸುವಾರ್ತೆ ಬೇಡ. ಉಪಕಾರದ ಹೊರೆ ಹೊತ್ತವನು "ಬೇಡ" ಎನ್ನಲಾರ, ಬೇಡ ಎನ್ನಲಾಗದವನ "ಹೌದು" ನಮಗೂ ಬೇಡ, ಕರ್ತನಿಗೂ ಬೇಡ.

ಈ ಪಾಠವನ್ನು ನಾನು ಕಲಿತದ್ದು ಒಬ್ಬಳನ್ನು ನೋಯಿಸಿ. ಮೊದಲ ವರ್ಷ "ಶುಕ್ರವಾರ ಊಟಕ್ಕೆ ಬನ್ನಿ" ಎಂದಷ್ಟೇ ಹೇಳಿ ಕರೆಯುತ್ತಿದ್ದೆ. ಒಂದು ಸಂಜೆ ತಟ್ಟೆ ತೆಗೆದು ಸತ್ಯವೇದಗಳನ್ನು ಹಂಚುತ್ತಿದ್ದಾಗ ಇರಾನಿನ ಹುಡುಗಿಯೊಬ್ಬಳು ಎದ್ದು ನಿಂತಳು. "ನೀವು ಊಟಕ್ಕೆ ಎಂದು ಕರೆದಿರಿ" ಎಂದಳು. ಅಷ್ಟೇ. ಕೋಟನ್ನು ತೋಳಿಗೂ ಹಾಕದೆ ಕೈಯಲ್ಲೇ ಹಿಡಿದು ಹೊರಟುಹೋದಳು. ಮಾರನೆಯ ದಿನ ಹೋಗಿ ಕ್ಷಮೆ ಕೇಳಿದೆ. ಆಮೇಲೆ ಕರೆಯುವ ಸಂದೇಶವನ್ನೇ ಬದಲಿಸಿದೆವು. ಅದನ್ನು ಹಾಗೆಯೇ ಕೊಡುತ್ತೇನೆ, ನಿಮ್ಮ ಊರಿಗೆ ಹೊಂದಿಸಿಕೊಳ್ಳಿ:

"ಶುಕ್ರವಾರ ಸಂಜೆ ಆರೂವರೆಗೆ ನಮ್ಮ ಮನೆಯಲ್ಲಿ ಊಟ. ನಾವು ಕ್ರೈಸ್ತರು. ಎಂಟು ಗಂಟೆಗೆ ಬೈಬಲಿನ ಒಂದು ಅಧ್ಯಾಯ ಓದಿ ಮಾತನಾಡುತ್ತೇವೆ. ಊಟ ಮುಗಿಸಿ ಹೊರಡುವವರು ಖಂಡಿತ ಹೊರಡಬಹುದು. ಎಂಟು ಹತ್ತಕ್ಕೆ ಬಸ್ಸಿದೆ."

ಬಸ್ಸಿನ ಹೊತ್ತನ್ನು ಬರೆಯುವುದು ಮುಖ್ಯ. ಹೋಗಲು ನೆಪ ಹುಡುಕುವ ಕಷ್ಟವನ್ನು ಅತಿಥಿಗೆ ಕೊಡಬಾರದು. ಕೋಟುಗಳನ್ನು ಒಳಕೋಣೆಯಲ್ಲಿ ರಾಶಿ ಹಾಕದೆ ಬಾಗಿಲ ಪಕ್ಕದ ಮೊಳೆಗಳಿಗೆ ತೂಗುಹಾಕಿ. ಎಂಟಕ್ಕೆ ಐದು ನಿಮಿಷವಿರುವಾಗ ನಾನೇ ಎದ್ದು ಬಾಗಿಲಿಗೆ ಹೋಗಿ ಹೊರಡುವವರನ್ನು ಬೀಳ್ಕೊಡುತ್ತಿದ್ದೆ, ಕೈಗೆ ಒಂದು ಡಬ್ಬಿ ಮೊಸರನ್ನ ಕೊಟ್ಟು. ಆ ಹುಡುಗಿ ಮತ್ತೆ ಬಂದಳು. ಎರಡು ತಿಂಗಳು ಎಂಟು ಹತ್ತರ ಬಸ್ಸಿಗೇ ಹೋಗುತ್ತಿದ್ದಳು. ಆಮೇಲೆ ಒಂದು ದಿನ ಹೋಗಲಿಲ್ಲ.

ಅಡುಗೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಬಿಸಿಬೇಳೆ ಬಾತ್ ಎಲ್ಲರೂ ತಿನ್ನುತ್ತಾರೆ. ಸಸ್ಯಾಹಾರದ ಸೌಟು ಬೇರೆ ಇರಲಿ. ಅಂಗಡಿಯ ಮೆತ್ತನೆ ಮಿಠಾಯಿಗಳಲ್ಲಿ ಹಂದಿಯ ಜೆಲಟಿನ್ ಇರುವುದುಂಟು, ಪೊಟ್ಟಣ ಓದಿ ಕೊಳ್ಳಿ.

ಓದಲು ಮಾರ್ಕನ ಸುವಾರ್ತೆಯೇ ಸರಿ. ಯೇಸುವಿನ ಜೀವನ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, ಹದಿನಾರು ಅಧ್ಯಾಯ. ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಪಾಠದ ವಾರಗಳಿಗೆ ಹೆಚ್ಚುಕಡಿಮೆ ಹೊಂದುತ್ತದೆ. ಪ್ರತಿಯೊಬ್ಬರಿಗೂ ಅವರವರ ಭಾಷೆಯ ಪ್ರತಿ ಇರಲಿ, ಒಂದೊಂದು ಭಾಗವನ್ನು ತಮ್ಮ ಭಾಷೆಯಲ್ಲೇ ಗಟ್ಟಿಯಾಗಿ ಓದಲಿ. ಫಾರ್ಸಿಯಲ್ಲಿ, ಚೀನೀ ಭಾಷೆಯಲ್ಲಿ, ಕನ್ನಡದಲ್ಲಿ ಒಂದೇ ಮಾತು ಸುತ್ತು ಬರುವಾಗ ಕೋಣೆ ತಾನಾಗಿ ಶಾಂತವಾಗುತ್ತದೆ. ಆಮೇಲೆ ಮೂರು ಪ್ರಶ್ನೆ ಮಾತ್ರ: ಇಲ್ಲಿ ಏನು ನಡೆಯಿತು? ನಿಮಗೆ ಯಾವುದು ವಿಚಿತ್ರವೆನಿಸಿತು? ಇವನು ಯಾರು? ಮೂರನೆಯದಕ್ಕೆ ನೀವು ಉತ್ತರ ಕೊಡಲು ಆತುರಪಡಬೇಡಿ. ನಾಲ್ಕನೆಯ ಅಧ್ಯಾಯದಲ್ಲಿ ಬಿರುಗಾಳಿ ಎದ್ದಾಗ ಯೇಸು ದೋಣಿಯ ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ಮಲಗಿದ್ದನೆಂದು ಬರೆದಿದೆ. ಭೌತಶಾಸ್ತ್ರ ಓದುತ್ತಿದ್ದ ಚೀನಾದ ಹುಡುಗನೊಬ್ಬ ಅಲ್ಲೇ ಬೆರಳಿಟ್ಟು ನಿಂತ. "ಕಟ್ಟುಕಥೆ ಬರೆಯುವವನಿಗೆ ದಿಂಬಿನ ಯೋಚನೆ ಏಕೆ ಬರುತ್ತದೆ? ಇದನ್ನು ಯಾರೋ ಕಂಡಿದ್ದಾರೆ" ಎಂದ. ಚಿಕ್ಕಂದಿನಿಂದ ಓದಿದ ನಾನು ಆ ದಿಂಬನ್ನು ಅದುವರೆಗೆ ನೋಡಿರಲಿಲ್ಲ.

ನಂಬದವರನ್ನು ಕೈಬಿಡಬೇಡಿ. ಮದ್ದೂರಿನ ಹುಡುಗನೊಬ್ಬ ನಾಲ್ಕು ಚಳಿಗಾಲ ನಮ್ಮ ಮನೆಯ ಸಾರಿಗೆ ಬಂದ. ಓದಿಗೆ ಕೂತದ್ದು ಮೂರೋ ನಾಲ್ಕೋ ಸಲ. ಜಂಬೂಸವಾರಿಯ ಮಧ್ಯಾಹ್ನ ಅವನನ್ನು ಕರೆದು, ಅಂಬಾರಿ ಬನ್ನಿಮಂಟಪದ ಕಡೆ ಸಾಗುವುದನ್ನು ಇಬ್ಬರೂ ಮೊಬೈಲಿನಲ್ಲಿ ನೋಡುತ್ತಿದ್ದೆವು. ಅವನು ಕಣ್ಣೊರೆಸಿಕೊಂಡ, ನಾನೂ. ಅವನು ಇಂದಿಗೂ ನನ್ನನ್ನು ಅಕ್ಕ ಎನ್ನುತ್ತಾನೆ. ಅವನಿಗಾಗಿ ಪ್ರತಿದಿನ ಪ್ರಾರ್ಥಿಸುತ್ತೇನೆ, ಅದು ಅವನಿಗೂ ಗೊತ್ತು.

ಡಿಸೆಂಬರ್ 24ನ್ನು ಮಾತ್ರ ತಪ್ಪಿಸಬೇಡಿ. ಆ ದಿನ ಮಧ್ಯಾಹ್ನಕ್ಕೆ ಅಂಗಡಿಗಳು ಮುಚ್ಚುತ್ತವೆ, 25 ಮತ್ತು 26 ಎರಡೂ ಸರ್ಕಾರಿ ರಜೆ. ಜರ್ಮನ್ ವಿದ್ಯಾರ್ಥಿಗಳು ಊರಿಗೆ ಹೋಗಿರುತ್ತಾರೆ. ಬೆಟ್ಟದ ಮೇಲಿನ ವಿದ್ಯಾರ್ಥಿ ವಸತಿಯ ಎತ್ತರದ ಕಟ್ಟಡಗಳಲ್ಲಿ ಐದು ಗಂಟೆಯ ಕತ್ತಲಿಗೆ ಒಂದೊಂದು ಕಿಟಕಿಯಲ್ಲಿ ಮಾತ್ರ ದೀಪ. ಪ್ರತಿ ದೀಪದ ಹಿಂದೆ ಒಬ್ಬ ಪರದೇಶಿ. ನಾವು ಕಿಟಕಿಗಳನ್ನು ಎಣಿಸಿಕೊಂಡು ಹೋಗಿ ಬಾಗಿಲು ತಟ್ಟುತ್ತಿದ್ದೆವು, ಮಂಡಿ ಮೊಹಲ್ಲಾದಲ್ಲಿ ಕ್ಯಾರಲ್ ಹಾಡುತ್ತ ಮನೆಮನೆಗೆ ಹೋಗುತ್ತಿದ್ದಂತೆ.

ಎಚ್ಚರಿಕೆಯ ಮಾತು ಒಂದಿದೆ, ಇದರಲ್ಲಿ ರಿಯಾಯಿತಿ ಇಲ್ಲ. ಕೂಟದ ಫೋಟೋ ಎಲ್ಲಿಯೂ ಹಾಕಬೇಡಿ. ಮೈಸೂರಿಗೆ ಬರೆಯುವ ಪ್ರಾರ್ಥನಾಪತ್ರದಲ್ಲಿ ವಿದ್ಯಾರ್ಥಿಯ ಹೆಸರು, ದೇಶ, ಓದುವ ವಿಷಯ ಮೂರನ್ನೂ ಒಟ್ಟಿಗೆ ಬರೆಯಬೇಡಿ. ಕೆಲವು ದೇಶಗಳಲ್ಲಿ ಧರ್ಮ ಬಿಡುವುದು ಅಪರಾಧ. ನಿಮ್ಮ ಸಂತೋಷದ ಒಂದು ಚಿತ್ರ ಅವರ ಮನೆಯವರ ಬಾಗಿಲಿಗೆ ಪೊಲೀಸರನ್ನು ತರಬಹುದು. ದೀಕ್ಷಾಸ್ನಾನ ಬೇಕೆಂದು ಕೇಳಿದವರನ್ನು ಅಲ್ಲಿನ ಪಾಲಕರ ಬಳಿಗೆ ಕರೆದೊಯ್ಯಿರಿ, ತಿಂಗಳುಗಟ್ಟಲೆ ಕಲಿಯಲಿ. ವೀಸಾ ಉಳಿಸಿಕೊಳ್ಳಲು ಪ್ರಮಾಣಪತ್ರ ಕೇಳುವವರೂ ಬರುತ್ತಾರೆ. ಅವರ ಮೇಲೆ ಸಿಟ್ಟಾಗಬೇಡಿ, ಸುಳ್ಳು ಕಾಗದವನ್ನೂ ಕೊಡಬೇಡಿ.

ಸಾಮಾನು ಕಟ್ಟುವಾಗ ತುಪ್ಪ ಬಿಟ್ಟುಬಿಡಿ. ಹೊರಗಿನಿಂದ ಹಾಲಿನ ಪದಾರ್ಥವನ್ನೂ ಮಾಂಸವನ್ನೂ ಯುರೋಪಿನ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಅಮ್ಮ ಕುಟ್ಟಿಸಿದ ಸಾರಿನ ಪುಡಿ ಎರಡು ಕಿಲೋ ಇರಲಿ. ಒಂದು ಕಿಲೋ ಕ್ರಿಸ್‌ಮಸ್ಸಿಗೆ ಮುಂಚೆಯೇ ಮುಗಿಯುತ್ತದೆ.