ಹಿನ್ನೀರಿನ ಹಳೇ ಮರದ ದೋಣಿ ರಿಪೇರಿ: ಕೊಳೆ ಹುಡುಕುವುದರಿಂದ ನೀರಿಗಿಳಿಸುವವರೆಗೆ

ಕಡಲ ದೋಣಿಯನ್ನು ಹಾಳು ಮಾಡುವುದು ಮರ ಕೊರೆಯುವ ಹುಳ. ಹಾಸನ ಜಿಲ್ಲೆಯ ಹೇಮಾವತಿ, ಯಗಚಿ ಹೊಳೆಗಳ ಸಿಹಿನೀರಿನಲ್ಲಿ ಆ ಹುಳದ ಕಾಟವಿಲ್ಲ, ಇಲ್ಲಿನ ಶತ್ರು ಶಿಲೀಂಧ್ರದಿಂದ ಮರಕ್ಕೆ ಹಿಡಿಯುವ ಕೊಳೆ. ಅದೂ ಹೊರಗಿನ ನೀರಿಗಿಂತ ಒಳಗೆ ನಿಂತ ಮಳೆನೀರಿನಿಂದ ಹೆಚ್ಚು. ಸದಾ ಮುಳುಗಿರುವ ಮರಕ್ಕೆ ಗಾಳಿ ಸಿಗದೆ ಶಿಲೀಂಧ್ರ ಬೆಳೆಯುವುದು ಕಷ್ಟ. ತೇವವೂ ಗಾಳಿಯೂ ಸೇರುವ ಕಡೆ ಮರ ಪುಡಿಯಾಗುತ್ತದೆ. ಹಾಗಾಗಿ ನೀರ ಮಟ್ಟದ ಹಲಗೆ, ಪಕ್ಕೆಗಳ (ಹಲಗೆಗಳನ್ನು ಒಳಗಿನಿಂದ ಹಿಡಿದಿಡುವ ಬಾಗಿದ ಮರಗಳ) ಬುಡ, ಎರಡು ಮೂತಿಗಳ ಒಳಮೂಲೆ, ಇವನ್ನು ಮೊದಲು ನೋಡಿ.

ಗೊರೂರು ಅಣೆಕಟ್ಟಿನ ಹಿನ್ನೀರು ಇಳಿದು, ಮಳೆಗಾಲದಲ್ಲಿ ಅದರಲ್ಲಿ ಮುಳುಗುವ ಶೆಟ್ಟಿಹಳ್ಳಿಯ ಹಳೇ ಚರ್ಚು ಬಯಲಾಗುವ ಬೇಸಿಗೆಯೇ ಕೆಲಸಕ್ಕೆ ಸರಿಯಾದ ಕಾಲ. ಏಪ್ರಿಲ್ ಕೊನೆಗೆ ಶುರುವಾಗುವ ಭರಣಿ ಮಳೆಗೆ ಮೊದಲು ಹೊರಮೈ ಮುಗಿದಿರಬೇಕು. ದೋಣಿಯನ್ನು ಮಗುಚಿ, ಮೂರು ಕಡೆ ದಿಮ್ಮಿ ಕೊಟ್ಟು, ನೆರಳಲ್ಲಿಡಿ. ಬಿಸಿಲಿಗೆ ಹಾಕಿದರೆ ಹಲಗೆಯ ತುದಿಗಳು ಸೀಳುತ್ತವೆ. ತಳದ ತೊಲೆಯುದ್ದಕ್ಕೂ ದಾರ ಕಟ್ಟಿ, ನಡು ಬಾಗಿದೆಯೇ ನೋಡಿ. ಬಾಗಿದ್ದರೆ ದಿಮ್ಮಿಗೆ ಬೆಣೆ ಕೊಟ್ಟು, ದಿನಕ್ಕೆ ಒಂದೆರಡು ನೂಲಿನಂತೆ (ಒಂದು ನೂಲು ಎಂದರೆ ಇಂಚಿನ ಎಂಟನೇ ಒಂದು ಭಾಗ) ನಿಧಾನವಾಗಿ ನೇರ ಮಾಡಿ.

ಇನ್ನು ತಪಾಸಣೆ. ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋಗಿ: ಗಟ್ಟಿ ಮರ ಟಣ್ ಎನ್ನುತ್ತದೆ, ಕೊಳೆತದ್ದು ದಬ್ ಎನ್ನುತ್ತದೆ. ದಬ್ ಎಂದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ. ಬಣ್ಣದ ಮೇಲ್ಪದರ ಚೆನ್ನಾಗಿ ಕಂಡರೂ ಒಳಗೆ ಅರ್ಧ ಇಂಚು ಹೂತರೆ ಆ ಹಲಗೆ ಬದಲಾಯಿಸಲೇಬೇಕು. ಕಣ್ಣಿಗೆ ಕಾಣುವ ಕೊಳೆಯಾಚೆ ಇನ್ನೂ ಅರ್ಧ ಅಡಿಯಾದರೂ ಗಟ್ಟಿ ಮರದವರೆಗೆ ಕತ್ತರಿಸಿ.

ಹಲಗೆಗಳನ್ನೆಲ್ಲ ಒಟ್ಟಿಗೆ ಕಿತ್ತರೆ ದೋಣಿಯ ಆಕಾರವೇ ಹೋಗುತ್ತದೆ. ಎಡಕ್ಕೊಂದು, ಬಲಕ್ಕೊಂದು ಕಿತ್ತು ಕೂರಿಸುತ್ತಾ ಹೋಗಿ. ಪಕ್ಕೆಗಳ ವಕ್ರವನ್ನು ಮೊದಲೇ ಪ್ಲೈವುಡ್‌ನಲ್ಲಿ ಅಚ್ಚು ತೆಗೆದುಕೊಳ್ಳಿ. ಮರಕ್ಕೆ ಹೆಬ್ಬಲಸು ಅಥವಾ ತೇಗ ಒಳ್ಳೆಯದು. ಸಕಲೇಶಪುರ, ಮೂಡಿಗೆರೆ ಕಡೆ ಸಿಲ್ವರ್ ಓಕ್ ಅಗ್ಗಕ್ಕೆ ಸಿಗುತ್ತದೆಂದು ಹಾಕಬೇಡಿ, ತೇವದಲ್ಲಿ ಅದು ಬಾಳುವುದಿಲ್ಲ. ಎರಡು ಹಲಗೆಗಳ ತುದಿಗಳನ್ನು ಓರೆಯಾಗಿ ಕತ್ತರಿಸಿ ಸೇರಿಸುವ ಜೋಡಣೆಯ ಇಳಿಜಾರು ಒಂದಕ್ಕೆ ಎಂಟು: ಒಂದಿಂಚು ದಪ್ಪದ ಹಲಗೆಗೆ ಎಂಟಿಂಚು. ಅಕ್ಕಪಕ್ಕದ ಹಲಗೆಗಳ ಜೋಡಣೆಗಳ ನಡುವೆ ಕನಿಷ್ಠ ಮೂರು ಪಕ್ಕೆಗಳಷ್ಟು ಅಂತರ ಬಿಡಿ. ಬಾಗಿಸಬೇಕಾದ ಹಲಗೆಗೆ ಇಂಚು ದಪ್ಪಕ್ಕೆ ಒಂದು ಗಂಟೆ ಆವಿ ಕೊಡಿ. ಹೊರತೆಗೆದ ಕೂಡಲೇ ಕ್ಲ್ಯಾಂಪ್ ಬಿಗಿಯಬೇಕು, ಆರಿದರೆ ಮುರಿಯುತ್ತದೆ.

ಮೊಳೆ ತಾಮ್ರದ್ದಾಗಲಿ, ಇಲ್ಲವೇ ದಪ್ಪ ಸತುವಿನ ಲೇಪವಿರುವ ಕಬ್ಬಿಣದ್ದಾಗಲಿ. ಎರಡನ್ನೂ ಬೆರೆಸಬೇಡಿ, ತಾಮ್ರದ ಪಕ್ಕದ ಕಬ್ಬಿಣ ಬೇಗ ಸವೆಯುತ್ತದೆ. ಬರೀ ಕಬ್ಬಿಣದ ಮೊಳೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕಪ್ಪಾಗಿಸಿ ಮೆತ್ತಗೆ ಮಾಡುತ್ತದೆ. ಮೊದಲು ಡ್ರಿಲ್‌ನಲ್ಲಿ ತೂತು ಹಾಕಿಯೇ ಹೊಡೆಯಿರಿ.

ಹೆಚ್ಚು ದೋಣಿಗಳು ಕೆಡುವುದು ಸಂದು ತುಂಬುವಾಗ. ಸಂದು ಒಳಗೆ ಕೂಡಿರಬೇಕು, ಹೊರಗೆ ಒಂದು ನೂಲಿನಷ್ಟು ಬಾಯಿ ತೆರೆದಿರಬೇಕು. ಹತ್ತಿಯನ್ನು ಸಡಿಲವಾಗಿ ಹೊಸೆದು, ಬಾಯಿ ಮೊಂಡಾದ ಉಳಿಯಿಂದ ಸಂದಿನ ಅರ್ಧ ಆಳದವರೆಗೆ ಬಡಿಯಿರಿ. ಅತಿಯಾಗಿ ಬಡಿದರೆ ಹತ್ತಿ ಸಂದು ದಾಟಿ ದೋಣಿಯ ಒಳಬದಿಗೆ ಬರುತ್ತದೆ, ಇಲ್ಲವೇ ನೀರು ಕುಡಿದು ಊದಿದಾಗ ಹಲಗೆಯನ್ನು ಪಕ್ಕೆಯಿಂದ ಎಬ್ಬಿಸುತ್ತದೆ. ಮೇಲಿನ ಅರ್ಧಕ್ಕೆ ರಾಳದ ಪುಡಿಯನ್ನು ಎಣ್ಣೆಯಲ್ಲಿ ಕರಗಿಸಿದ ಮೆತ್ತನೆಯ ಮೆತ್ತು ತುಂಬಿ. ರಾಳಕ್ಕೆ ಬೆಂಕಿ ಬೇಗ ಹತ್ತುವುದರಿಂದ ಮನೆಯಿಂದ ದೂರ, ಸಣ್ಣ ಉರಿಯಲ್ಲಿ ಕಾಯಿಸಿ. ಕಲ್ಲಿನಂತಾಗುವ ಎಪಾಕ್ಸಿ ಪುಟ್ಟಿ ಖಂಡಿತ ಬೇಡ: ಒಣ ಹಲಗೆ ನೀರಲ್ಲಿ ಹಿಗ್ಗುವಾಗ ಜಾಗವಿಲ್ಲದೆ ಪಕ್ಕೆಯನ್ನೇ ಮುರಿಯುತ್ತದೆ.

ಒಳಮೈಗೆ ದಪ್ಪ ಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಅಗಸೆ ಎಣ್ಣೆ ಸಾಕು. ಮೊದಲ ಸಲ ಅರ್ಧಕ್ಕರ್ಧ ಟರ್ಪೆಂಟೈನ್ ಬೆರೆಸಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ನೀರಿನ ಬಕೆಟ್ಟಿಗೆ ಹಾಕಿ.

ಇಳಿಸುವ ಮುನ್ನ ಮೂರ್ನಾಲ್ಕು ದಿನ ಒಳಗೆ ಒದ್ದೆ ಗೋಣಿಚೀಲ ಹಾಸಿ. ಆಮೇಲೆ ದಡದ ಕಡಿಮೆ ನೀರಿನಲ್ಲಿ ಕಟ್ಟಿಹಾಕಿ. ಮೊದಲೆರಡು ದಿನ ಸಂದುಗಳು ಸೋರುತ್ತವೆ, ಆ ಗಾಬರಿಗೆ ಮತ್ತೆ ಹತ್ತಿ ಬಡಿಯಬೇಡಿ. ಹಲಗೆ ಹಿಗ್ಗಿದ ಮೇಲೂ ಧಾರೆಯಾಗಿ ಬರುವ ಜಾಗವನ್ನಷ್ಟೇ ಗುರುತಿಸಿ ಸರಿಪಡಿಸಿ.

ಪಕ್ಕೆಗಳ ಕೆಳಗೆ ನೀರು ಹರಿಯಲೆಂದು ಬಿಟ್ಟ ಅರ್ಧ ಇಂಚಿನ ತೂತುಗಳು ತರಗೆಲೆಯಿಂದ ಮುಚ್ಚಿದರೆ ಪ್ರತಿ ಪಕ್ಕೆಯ ಹಿಂದೆಯೂ ಮಳೆನೀರು ನಿಲ್ಲುತ್ತದೆ. ಮುಂಗಾರಿನಲ್ಲಿ ವಾರಕ್ಕೊಮ್ಮೆ ತಂತಿ ಆಡಿಸಿ, ನೀರು ಮೊಗೆದು ಹಾಕಿ. ಮೇಲೆ ಟಾರ್ಪಲ್ ಕಟ್ಟುವಾಗ ಎರಡೂ ತುದಿಯಲ್ಲಿ ಗಾಳಿಯಾಡಲು ಅರ್ಧ ಅಡಿ ತೆರೆದಿಡಿ.