ಮಳೆಗಾಲದ ತಾಳಮದ್ದಳೆಗೊಂದು ಮೈಕು: ನಾನು ವಾಲ್ವ್ ಆರಿಸಿದ ಬಗೆ

ನಮ್ಮ ತೀರ್ಥಹಳ್ಳಿ ಕಡೆ ತಾಳಮದ್ದಳೆಗೆ ಮಳೆಗಾಲವೇ ಹೊತ್ತು. ಮೇಳಗಳ ತಿರುಗಾಟ ಮುಗಿದಿರುತ್ತದೆ, ಕಲಾವಿದರು ಊರಲ್ಲಿರುತ್ತಾರೆ. ಭಾಗವತರ ಪದ, ಅರ್ಥಧಾರಿಗಳ ಮಾತು ರೆಕಾರ್ಡ್ ಮಾಡಬೇಕೆಂದೇ ನಾನು ವಾಲ್ವ್ (ಸಿಗ್ನಲ್ ಹಿಗ್ಗಿಸುವ ಗಾಜಿನ ಟ್ಯೂಬ್) ಇರುವ ಕಂಡೆನ್ಸರ್ ಮೈಕು ಕಟ್ಟಿದ್ದು. ಹಾಗಾಗಿ ಯಾವ ವಾಲ್ವಿನ ದನಿ ಇಂಪು ಅನ್ನುವುದಕ್ಕಿಂತ ಮೊದಲು, ಯಾವುದರ ಗ್ರಿಡ್ (ಸಿಗ್ನಲ್ ಒಳಹೋಗುವ ಜಾಲರಿ) ಸುಮ್ನೆ ಇರುತ್ತದೆ ಅಂತ ನೋಡಿದೆ.

ಮೈಕಿನಲ್ಲಿ ದನಿ ಹಿಡಿಯುವ ಕ್ಯಾಪ್ಸೂಲ್ ಅಂದರೆ ಸುಮಾರು 50ರಿಂದ 80 ಪಿಕೋಫ್ಯಾರಡ್‌ನ ಪುಟ್ಟ ಕೆಪಾಸಿಟರ್. ಅದರ ಸಿಗ್ನಲ್ ಸೋರಬಾರದು ಅಂದರೆ ಗ್ರಿಡ್‌ಗೆ 1 ಗಿಗಾಓಮ್‌ನಂಥ ರೆಸಿಸ್ಟರ್ ಬೇಕು. ಅದರಲ್ಲಿ ಬರೀ 1 ನ್ಯಾನೋಆಂಪಿಯರ್ ಗ್ರಿಡ್ ಕರೆಂಟ್ ಹರಿದರೂ 1 ವೋಲ್ಟ್ ಎದ್ದೀತು. ಬಯಾಸ್ (ಗ್ರಿಡ್ಡಿಗೆ ಮೊದಲೇ ಕೊಡುವ ಸ್ಥಿರ ವೋಲ್ಟೇಜ್) ಇರುವುದೇ ಒಂದೆರಡು ವೋಲ್ಟ್! ದನಿ ಒಡೆಯುತ್ತದೆ, ಗುರುಗುರು ಸದ್ದೂ ಸೇರಿಕೊಳ್ಳುತ್ತದೆ.

ಸುಲಭವಾಗಿ ಸಿಗುವ ವಾಲ್ವ್ 12ಎಎಕ್ಸ್7. ನಾನು ಅದನ್ನು ಬಿಟ್ಟೆ. ಅದರ ಗ್ರಿಡ್ ಮತ್ತು ಆನೋಡ್ (ಸಿಗ್ನಲ್ ಹೊರಬರುವ ತುದಿ) ನಡುವೆ 1.6 ಪಿಕೋಫ್ಯಾರಡ್ ಇದೆ. ಗೇನ್ (ಸಿಗ್ನಲ್ ಹಿಗ್ಗುವ ಪಟ್ಟು) 60 ಇದ್ದರೆ ಮಿಲ್ಲರ್ ಪರಿಣಾಮದಿಂದ, ಅಂದರೆ ಹೆಚ್ಚುಕಡಿಮೆ ಅಷ್ಟೇ ಪಟ್ಟು ಬೆಳೆದು, ಅದು ಸುಮಾರು 100 ಪಿಕೋಫ್ಯಾರಡ್ ಆಗಿ ಕ್ಯಾಪ್ಸೂಲಿನ ಮೇಲೆ ಕೂರುತ್ತದೆ. ಸಿಗ್ನಲ್ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಮತ್ತೆ ಆ ಗೇನ್ ಯಾಕೆ ಬೇಕು, ಅಲ್ವಾ?

ನಾಯ್ಮನ್ ಯು47 ಮೈಕಿನ ವಿಎಫ್14 ವಾಲ್ವಿನ ತಯಾರಿಕೆ ನಿಂತು ದಶಕಗಳೇ ಆದವು, ಅದನ್ನು ಹುಡುಕಲೇ ಇಲ್ಲ. ಎಕೆಜಿ ಸಿ12 ಮೈಕಿನ 6072 ಒಳ್ಳೆಯದು, ಆದರೆ ದುಬಾರಿ. ಉಳಿದದ್ದು ಇಎಫ್86. 1960ರ ನಾಯ್ಮನ್ ಯು67ರಲ್ಲಿ ಇರುವುದೂ ಇದೇ. ಇದು ಕಡಿಮೆ ಸದ್ದಿನ ಆಡಿಯೋ ಕೆಲಸಕ್ಕೆಂದೇ ಮಾಡಿದ ಪೆಂಟೋಡ್ (ಐದು ಎಲೆಕ್ಟ್ರೋಡಿನ ವಾಲ್ವ್), ಒಳಗೆ ಜಾಲರಿಯ ಶೀಲ್ಡ್ ಇದೆ. ಸ್ಕ್ರೀನನ್ನು (ಅದರ ಎರಡನೇ ಗ್ರಿಡ್) ಆನೋಡ್‌ಗೆ ಸೇರಿಸಿ ಮೂರು ಎಲೆಕ್ಟ್ರೋಡಿನ ಟ್ರಯೋಡ್‌ನಂತೆ ಮಾಡಿಕೊಂಡೆ.

ಆದರೆ ನಂಬರ್ ಒಂದೇ ಅಂತ ಎಲ್ಲ ಇಎಫ್86 ಒಂದೇ ಅಲ್ಲ. ಇಲ್ಲೇ ನಿಜವಾದ ಆಯ್ಕೆ. ಹಳೆಯ ರೇಡಿಯೋ ಸಾಮಾನಿನ ಅಂಗಡಿಗಳಿಂದ ಹಲವನ್ನು ತಂದು, ಒಂದೊಂದನ್ನೂ ಮೊದಲು ಒಂದೆರಡು ದಿನ ಉರಿಸಿದೆ. ಆಮೇಲೆ ಕ್ಯಾಪ್ಸೂಲ್ ತೆಗೆದು, ಆನೋಡ್ ವೋಲ್ಟೇಜ್ ನೋಡುತ್ತಾ ಗ್ರಿಡ್ಡನ್ನು ಇನ್ಸುಲೇಟೆಡ್ ಕ್ಲಿಪ್ಪಿನಿಂದ ಗ್ರೌಂಡ್‌ಗೆ ಮುಟ್ಟಿಸಿದೆ. ಮೀಟರ್ ಅಲುಗದಿದ್ದರೆ ಗ್ರಿಡ್ ಕರೆಂಟ್ ಇಲ್ಲವೆಂದೇ ಲೆಕ್ಕ. ವೋಲ್ಟೇಜ್ ಜಿಗಿದರೆ ಆ ವಾಲ್ವ್ ಮೈಕಿಗೆ ಬೇಡ. (ಒಳಗೆ ನೂರಕ್ಕೂ ಜಾಸ್ತಿ ವೋಲ್ಟ್ ಇರುತ್ತದೆ. ಒಂದು ಕೈ ಜೇಬಿನಲ್ಲಿರಲಿ.) ಪಾಸಾದವುಗಳ ಗಾಜನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ತಟ್ಟಿ ಕೇಳಿದೆ. ಗಂಟೆಯಂತೆ ಗುಂಯ್‌ಗುಟ್ಟಿದವು ಹೊರಗೆ. ಮದ್ದಳೆ ಪಕ್ಕದಲ್ಲಿ ಅವು ತಡೆಯುವುದಿಲ್ಲ.

ವಾಲ್ವನ್ನು ಕಾಯಿಸುವ ಹೀಟರ್‌ಗೆ 6.3ರ ಬದಲು 6 ವೋಲ್ಟ್ ಕೊಟ್ಟಾಗ ಗ್ರಿಡ್ ಇನ್ನಷ್ಟು ಶಾಂತವಾಯಿತು. ತೀರಾ ಇಳಿಸಬೇಡಿ.

ವಾಲ್ವ್ ಎಷ್ಟೇ ಒಳ್ಳೆಯದಿದ್ದರೂ ಆಗುಂಬೆ ಕಡೆಯ ತೇವ ಸಾಕೆಟ್ಟಿನ ಮೇಲೆ ಕೂತರೆ ಚಟಪಟ ಶುರು. ಅದಕ್ಕೇ ಗ್ರಿಡ್ ಜೋಡಣೆಯನ್ನು ಬೋರ್ಡಿಗೆ ತಾಗಿಸದೆ ಟೆಫ್ಲಾನ್ ಕಂಬದ ಮೇಲೆ ನಿಲ್ಲಿಸಿದೆ, ಬೆಸುಗೆಯ ಫ್ಲಕ್ಸ್ ಕಲೆಯನ್ನೆಲ್ಲ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದೆ. ಮೈಕನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡುತ್ತೇನೆ. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲೇ ಆನ್ ಮಾಡುತ್ತೇನೆ.

ಗ್ರಿಡ್ ಪರೀಕ್ಷೆಯಲ್ಲಿ ಬಿದ್ದ ವಾಲ್ವ್‌ಗಳನ್ನು ಎಸೆಯಬೇಡಿ. ಪ್ರೀಆಂಪ್‌ನಲ್ಲಿ (ಮೈಕಿನ ಸಿಗ್ನಲ್ ಹಿಗ್ಗಿಸುವ ಪೆಟ್ಟಿಗೆ) ಗ್ರಿಡ್ ರೆಸಿಸ್ಟರ್ ಸಾಮಾನ್ಯವಾಗಿ 1 ಮೆಗಾಓಮ್, ಅಂದರೆ ಗಿಗಾಓಮ್‌ನ ಸಾವಿರದಲ್ಲೊಂದು ಪಾಲು, ದಾಟುವುದಿಲ್ಲ. ಅಲ್ಲಿ ಅವು ಚೆನ್ನಾಗಿಯೇ ದುಡಿಯುತ್ತವೆ.