ಕೆಲಸ ಬಿಡದೆ ಮುಗಿಸಿದ ಇಗ್ನೇಷಿಯಸ್ ಸಾಧನೆ: ನನ್ನ ಅನುಭವ

ಮೂವತ್ತು ದಿನ ಮೌನದಲ್ಲಿ ಕೂರದೆ, ಜೆಸ್ವಿಟ್ ಸಭೆ (ಯೇಸುಸಭೆ) ಕಟ್ಟಿದ ಸಂತ ಇಗ್ನೇಷಿಯಸರ ಆಧ್ಯಾತ್ಮಿಕ ಸಾಧನೆ ಎಂಬ ಧ್ಯಾನಕ್ರಮ ಆಗುವ ಮಾತಲ್ಲ ಎಂದವರು ನಮ್ಮ ಧರ್ಮಕೇಂದ್ರದಲ್ಲೇ ನಾಲ್ಕೈದು ಮಂದಿ. ಸಂಸಾರಸ್ಥರಿಗೆ ಜಪಸರ ಸಾಕು ಎಂದವರೂ ಇದ್ದರು. ಮೂರನೇ ಪ್ರಯತ್ನಕ್ಕೆ ಮುಗಿಯಿತು, ಮೂವತ್ತೆರಡು ವಾರ ಹಿಡಿಯಿತು, ಆಫೀಸಿಗೆ ಒಂದು ದಿನವೂ ರಜೆ ಹಾಕಲಿಲ್ಲ. ಕೆಲಸವಿರುವವನು ದಿನಕ್ಕೆ ಒಂದೂವರೆ ಗಂಟೆ ಎತ್ತಿಡಲಿ ಎಂದು ಇದೇ ಸಾಧನೆಗೆಂದು ಇಗ್ನೇಷಿಯಸರು ಬರೆದ ಪುಸ್ತಕದ ಹತ್ತೊಂಬತ್ತನೇ ಟಿಪ್ಪಣಿ ಹೇಳುತ್ತದೆ. 1548ರಲ್ಲಿ ಪೋಪ್ ಮೂರನೇ ಪೌಲರು ಒಪ್ಪಿಗೆ ಕೊಟ್ಟ ಪುಸ್ತಕದಲ್ಲೇ ಇರುವ ಮಾತಿದು. ಈಗಿನವರು ಕೊಟ್ಟ ರಿಯಾಯಿತಿ ಅಲ್ಲ.

ಮೊದಲ ಸಲ ಕೆಟ್ಟದ್ದು ಕ್ಯಾಲೆಂಡರಿನಿಂದ. ಸಾಧನೆಯ ನಾಲ್ಕು ಭಾಗಗಳಿಗೆ 'ವಾರ' ಎಂದೇ ಹೆಸರು: ಪಾಪ, ಕ್ರಿಸ್ತನ ಜೀವನ, ಯಾತನೆ, ಪುನರುತ್ಥಾನ. ಜೂನ್‌ನಲ್ಲಿ ಶುರು ಮಾಡಿದರೆ ಮೂರನೇ 'ವಾರ', ಅಂದರೆ ಯಾತನೆಯ ಭಾಗ, ಡಿಸೆಂಬರ್ ನಡುವಿಗೆ ಬರುತ್ತದೆ. ಒಳಗೆ ಕುಸ್ವಾರಿಗೆ, ಅಂದರೆ ಕ್ರಿಸ್ಮಸ್ ತಿಂಡಿಗಳಿಗೆ, ನೆವ್ರಿ ಕರಿಯುತ್ತಿರುವ ವಾಸನೆ, ಇಲ್ಲಿ ಯೇಸು ಸೆರೆಸಿಕ್ಕ ಗೆತ್ಸೆಮನಿ ತೋಪು! ಆಗಲಿಲ್ಲ. ಈಗ ಪಾಸ್ಖ (ಈಸ್ಟರ್) ಹಬ್ಬದ ತಾರೀಖಿನಿಂದ ಹಿಂದಕ್ಕೆ ಎಣಿಸುತ್ತೇನೆ. ಇಪ್ಪತ್ತೊಂಬತ್ತು ವಾರ ಹಿಂದೆ ಬಂದರೆ ಹೆಚ್ಚುಕಡಿಮೆ ಮೊಂತಿ ಫೆಸ್ತ್ (ಮರಿಯಮ್ಮನ ಹುಟ್ಟುಹಬ್ಬ), ಸೆಪ್ಟೆಂಬರ್ 8ರ ಸುತ್ತಮುತ್ತ. ಉಳಿದ ಮೂರು ವಾರ ಪಾಸ್ಖದ ನಂತರ, ಪುನರುತ್ಥಾನದ ಭಾಗಕ್ಕೆ. ತಯಾರಿಗೆ ಆರು ವಾರ, ಪಾಪದ ಧ್ಯಾನಕ್ಕೆ ಐದು. ಕ್ರಿಸ್ತಜನನ ತಾನಾಗಿಯೇ ಕ್ರಿಸ್ಮಸ್ಸಿಗೆ ಬಂದು ಕೂರುತ್ತದೆ. ಪಾಸ್ಖ ತಡವಾಗಿ ಬರುವ ವರ್ಷ ಎರಡನೇ ಭಾಗವನ್ನು ಎಳೆಯಿರಿ, ಮೊದಲನೆಯದನ್ನು ಬೇಡ. ಪಾಪದ ಮೇಲೆ ಏಳೆಂಟು ವಾರ ಕೂತರೆ ಮನುಷ್ಯ ತನ್ನನ್ನೇ ಕೆರೆದುಕೊಳ್ಳಲು ಶುರು ಮಾಡುತ್ತಾನೆ.

ಒಂದೂವರೆ ಗಂಟೆಯನ್ನು ಹೀಗೆ ಹಂಚಿದೆ: ಬೆಳಿಗ್ಗೆ ನಾಲ್ಕೂಮುಕ್ಕಾಲಿನಿಂದ ಒಂದು ಗಂಟೆ ಧ್ಯಾನ, ಜಾಗ ಬಿಟ್ಟೆದ್ದು ಕಾಲು ಗಂಟೆ ಹಿನ್ನೋಟ, ರಾತ್ರಿ ಕಾಲು ಗಂಟೆ ಆತ್ಮಶೋಧನೆ. ಐದೂಮುಕ್ಕಾಲರ ನಂತರ ಪಕ್ಕದ ಮನೆಯ ಮಿಕ್ಸಿ ಶುರುವಾಗುವುದರಿಂದ ಈ ಹೊತ್ತಿಗೆ ಬದಲಿ ಇಲ್ಲ. 

ಮೊದಲ ಭಾಗದಲ್ಲಿ ಕಿಟಕಿ ಬಾಗಿಲು ಮುಚ್ಚಿ ಕತ್ತಲೆ ಮಾಡಿಕೊಳ್ಳಬೇಕೆಂದಿದೆ. ಮಂಗಳೂರಿನ ಅಕ್ಟೋಬರ್ ಸೆಕೆಯಲ್ಲಿ ಹತ್ತೇ ನಿಮಿಷಕ್ಕೆ ಬನಿಯನ್ ಒದ್ದೆ. ಸೊಳ್ಳೆಬತ್ತಿ ಹಚ್ಚಿದರೆ ಕಣ್ಣೀರು ಬರುತ್ತದೆ, ಪಶ್ಚಾತ್ತಾಪದ್ದಲ್ಲ. ಸಹಾಯವಾಗುವಷ್ಟೇ ಕತ್ತಲೆ ಸಾಕೆಂದು ಅದೇ ಪುಸ್ತಕ ಮುಂದೆ ಹೇಳುತ್ತದೆ. ಕಿಟಕಿ ತೆರೆದೆ, ದೀಪ ಮಾತ್ರ ಆರಿಸಿದೆ.

ಹೆಚ್ಚು ದಿನ ಹಾಳಾದದ್ದು ವಿಶೇಷ ಆತ್ಮಶೋಧನೆಯಲ್ಲಿ, ಅಂದರೆ ಒಂದು ದೋಷವನ್ನು ಆರಿಸಿ ದಿನವೂ ಲೆಕ್ಕ ಇಡುವುದರಲ್ಲಿ. ದಿನಕ್ಕೆರಡು ಗೆರೆ, ಮಧ್ಯಾಹ್ನದ ಊಟದವರೆಗೆ ಒಂದು, ರಾತ್ರಿಯವರೆಗೆ ಇನ್ನೊಂದು. ತಪ್ಪಿದಷ್ಟು ಸಲ ಚುಕ್ಕೆ. ನಾನು ಸಿಟ್ಟು, ಚಾಡಿ, ಮೊಬೈಲ್ ಮೂರನ್ನೂ ಒಟ್ಟಿಗೆ ಹಿಡಿದೆ, ಅದೂ ಆ್ಯಪ್‌ನಲ್ಲಿ. ಇಪ್ಪತ್ತು ದಿನಕ್ಕೆ ಅಂದವಾದ ಗ್ರಾಫ್ ಬಂತು, ಸಿಟ್ಟು ಇದ್ದಲ್ಲೇ ಇತ್ತು. ಒಂದೇ ದೋಷ, ಕಾಗದ, ಪೆನ್ಸಿಲ್ ಎಂದಾದ ಮೇಲೆ ವಾರಕ್ಕೆ ನಲವತ್ತರ ಆಸುಪಾಸು ಇದ್ದ ಚುಕ್ಕೆ ಎರಡು ತಿಂಗಳಲ್ಲಿ ಹನ್ನೆರಡು ಹದಿಮೂರಕ್ಕೆ ಇಳಿಯಿತು. ತಪ್ಪಿದ ಕ್ಷಣವೇ ಎದೆಗೆ ಕೈ ಇಡಬೇಕೆಂಬ ನಿಯಮವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಸಿಟಿ ಬಸ್ಸಿನಲ್ಲಿ ಕಂಡಕ್ಟರಿಗೆ ರೇಗಿದ ಕೂಡಲೇ ಅಂಗಿ ಕಿಸೆಯ ಗುಂಡಿ ಮುಟ್ಟಿಕೊಂಡರೆ ಯಾರಿಗೂ ತಿಳಿಯುವುದಿಲ್ಲ, ರಾತ್ರಿ ಲೆಕ್ಕವೂ ತಪ್ಪುವುದಿಲ್ಲ.

ಎರಡನೇ ಪ್ರಯತ್ನ ನಿಂತದ್ದು ಹನ್ನೊಂದನೇ ವಾರ. ಮನಸ್ಸು ಒಣಗಿತು, ನಾನು ಹೊತ್ತನ್ನು ರಾತ್ರಿಗೆ ಬದಲಿಸಿದೆ. ಶುಷ್ಕತೆಯಲ್ಲಿ ಯಾವ ನಿರ್ಧಾರವನ್ನೂ ಬದಲಿಸಬೇಡ ಎಂಬ ನಿಯಮ ಬಾಯಿಪಾಠವಿತ್ತು, ಆದರೂ ಬದಲಿಸಿದೆ. ರಾತ್ರಿ ಹೊತ್ತು ನಿದ್ದೆಗೆ ಹೋಯಿತು, ಮೂರು ವಾರದಲ್ಲಿ ಎಲ್ಲ ಮುಗಿಯಿತು. ಮೂರನೇ ಸಲ ಒಣಗಿದಾಗ ಪುಸ್ತಕ ಹೇಳುವಂತೆ ಗಂಟೆಗಿಂತ ತುಸು ಹೆಚ್ಚೇ ಕೂತೆ: ಟೈಮರನ್ನು ಅರವತ್ತೆರಡು ನಿಮಿಷಕ್ಕೆ ಇಟ್ಟುಕೊಂಡು. ಐವತ್ತಕ್ಕೆ ಏಳುವ ಚಪಲ ಆ ಎರಡು ನಿಮಿಷದಿಂದ ಸಾಯುತ್ತದೆ.

ಸ್ಥಳಕಲ್ಪನೆಗೆಂದು, ಅಂದರೆ ಘಟನೆ ನಡೆದ ಜಾಗವನ್ನು ಮನಸ್ಸಿನಲ್ಲಿ ಕಾಣಲೆಂದು, ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನಲ್ಲಿ ಕೂತು ನೋಡಿದೆ. ಇಟಲಿಯ ಜೆಸ್ವಿಟ್ ಬ್ರದರ್ ಆಂತೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಬಿಡಿಸಿದ ಚಿತ್ರಗಳು ಗೋಡೆ, ಛಾವಣಿ ತುಂಬ ಇವೆ. ಅಲ್ಲಿ ಪ್ರಾರ್ಥನೆ ಆಗುತ್ತದೆ, ಕಲ್ಪನೆ ಆಗುವುದಿಲ್ಲ. ಮೊಸ್ಕೇನಿ ಕಂಡದ್ದನ್ನೇ ನಾವೂ ಕಾಣುತ್ತೇವೆ. ನಜರೇತಿನಿಂದ ಬೆತ್ಲೆಹೇಮಿನ ದಾರಿ ಎಷ್ಟು ಉದ್ದ, ಎಷ್ಟು ಅಗಲ, ಸಮತಟ್ಟೋ ಏರಿಳಿತವೋ ನೋಡು ಎನ್ನುತ್ತಾರೆ ಇಗ್ನೇಷಿಯಸ್. ನಾನು ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಕತ್ತೆ ನಡೆಸಿದೆ, ಮರಿಯಳ ಸೊಂಟನೋವು ಆಗ ಕಂಡಿತು.

ಇನ್ನೊಂದು ಪ್ರಯೋಗ: ಉಸಿರಿಗೊಂದು ಪದದಂತೆ ಪ್ರಾರ್ಥಿಸುವ ಮೂರನೇ ವಿಧಾನ. ಕನ್ನಡದಲ್ಲಿ 'ಪರಲೋಕದಲ್ಲಿರುವ' ಎನ್ನುವಷ್ಟಕ್ಕೆ ಒಂದು ಉಸಿರು ಖಾಲಿ. ಕೊಂಕಣಿಯ 'ಆಮ್ಚ್ಯಾ', 'ಬಾಪಾ' ಹಗುರ. ಆದರೆ ಬಾಲ್ಯದ ಮಾತಾದ್ದರಿಂದ ಕೊಂಕಣಿ ನಾಲಗೆಯಲ್ಲೇ ಜಾರಿಹೋಗುತ್ತದೆ. ಕನ್ನಡದ ಉದ್ದ ಪದ ತಡೆದು ನಿಲ್ಲಿಸುತ್ತದೆ. ಕೊನೆಗೆ ಕನ್ನಡವನ್ನೇ ಉಳಿಸಿಕೊಂಡೆ.

ಖರ್ಚು? ಬೆಳಗಿನ ಟ್ಯೂಷನ್ ಬ್ಯಾಚ್ ಬಿಟ್ಟದ್ದರಿಂದ ತಿಂಗಳಿಗೆ ಮೂರೂವರೆ ಸಾವಿರ ಹೋಯಿತು, ಒಟ್ಟು ಇಪ್ಪತ್ತೇಳು ಇಪ್ಪತ್ತೆಂಟು ಸಾವಿರ. ನಡುವೆ ಮೂರು ದಿನದ ಧ್ಯಾನಕೂಟಕ್ಕೆ ಎರಡು ಸಾವಿರದಷ್ಟು. ಟೈಮರ್, ಐದು ನೋಟ್‌ಬುಕ್ ಸೇರಿ ನಾನೂರು. ವಾರಕ್ಕೆ ಮುಕ್ಕಾಲು ಗಂಟೆಯಂತೆ ಮೂವತ್ತೆರಡು ವಾರ ಜತೆಗೆ ಕೂತ ಜೆಸ್ವಿಟ್ ಗುರುಗಳು ಒಂದು ರೂಪಾಯಿ ಮುಟ್ಟಲಿಲ್ಲ. ಬೋಧನೆಯನ್ನೂ ಮಾಡಲಿಲ್ಲ, ಏನಾಯಿತು ಎಂದು ಕೇಳಿ ಸುಮ್ಮನಾಗುತ್ತಿದ್ದರು. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಜೆಸ್ವಿಟ್ ಸಭೆಯಿಂದ ಊರಿಗೆ ಕಾಲೇಜು ಸಿಕ್ಕಿತು, ಚಾಪೆಲ್ ಸಿಕ್ಕಿತು. ನನ್ನ ಪಾಲಿಗೆ ಸಿಕ್ಕದ್ದು ಆ ಮುಕ್ಕಾಲು ಗಂಟೆ. ಭಕ್ತಿ ಮನೆಯಿಂದಲೇ ಬಂದಿತ್ತು, ಅದನ್ನು ದಿನದ ಕೆಲಸಕ್ಕೆ ಹಚ್ಚುವ ಬಗೆ ಅವರಿಂದ ಬಂತು.

ನೋಟ್‌ಬುಕ್ ಕೊಳ್ಳುವಾಗ ಚಿಕ್ಕದನ್ನೇ ಕೊಳ್ಳಿ, ಹಿನ್ನೋಟ ಅರ್ಧ ಪುಟ ಮೀರದಂತೆ. ನನ್ನ ಮೊದಲ ಎರಡು ದೊಡ್ಡ ಪುಸ್ತಕಗಳಲ್ಲಿ ಬರೀ ಪ್ರಬಂಧ ತುಂಬಿದೆ.